ಕಾನಾಖಾಲಿ ಎಂದರೆ ಎಲ್ಲಿ?

ಆ ದೂರನ್ನು ಬರೆದವಳು ನಾನು. ಬೆಳಗಾವಿಯ ಹಿಂದವಾಡಿಯ ಬಾಡಿಗೆ ಕೋಣೆಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಖಾನಾಪುರದ ಅಕ್ಕನ ಮನೆ ಸೇರಿ, ಮಧ್ಯಾಹ್ನದೊಳಗೆ ಎರಡು ಪುಟ ಬರೆದು ಮುಗಿಸಿದ್ದೆ. ಐದನೆಯ ತರಗತಿಯಲ್ಲಿರುವ ಅಕ್ಕನ ಮಗಳಿಗೆ ಹಿಂದಿನ ದಿನ ಶಾಲೆಯಲ್ಲಿ ಶಿಕ್ಷಕರು ಹೊಡೆದಿದ್ದರು. ಮನೆಪಾಠದ ನೋಟುಬುಕ್ಕು ತರಲು ಮರೆತದ್ದು ಅವಳ ತಪ್ಪು. ರಾತ್ರಿಯಿಡೀ ಎಡಗಿವಿಯಲ್ಲಿ ಗುಂಯ್ ಎನ್ನುವ ಸದ್ದು ನಿಂತಿರಲಿಲ್ಲ.

"ಒಂದ ಏಟಿಗೆ ಪೊಲೀಸರ ಕಡೆ ಯಾರರ ಹೊಕ್ಕಾರೇನ?" ಎಂದಳು ಅಕ್ಕ. "ನಾಳೆ ಅದ ಸಾಲಿಗೆ ಕಳಸಬೇಕು ನಾ."

"ಅದಕ್ಕ ಹೋಗೂಣು ಅನ್ನಾಕತ್ತೇನಿ" ಎಂದೆ.

ಅಕ್ಕ ಮದುವೆಯಾದದ್ದು ಮರಾಠಿ ಮಾತಾಡುವ ಮನೆಗೆ. ಹುಡುಗಿಗೂ ಸಂಕಟದಲ್ಲಿ ಬಾಯಿಗೆ ಬರುವುದು ಮರಾಠಿಯೇ. ಏನಾಯಿತು ಎಂದು ಕೇಳಿದಾಗ ಅವಳು ಹೇಳಿದ್ದು ಒಂದೇ ವಾಕ್ಯ: "ಮೌಶಿ, ಸರಾಂನಿ ಕಾನಾಖಾಲಿ ಮಾರ್ಲಿ." ಮೌಶಿ ಎಂದರೆ ಚಿಕ್ಕಮ್ಮ, ನಾನು. ಸರ್ ಹೊಡೆದರು ಎನ್ನುತ್ತಿದ್ದಳು. ಕಾನ ಎಂದರೆ ಕಿವಿ, ಖಾಲಿ ಎಂದರೆ ಕೆಳಗೆ. ನಾನು ಬರೆದೆ: 'ಸದರಿ ಶಿಕ್ಷಕರು ಬಾಲಕಿಯ ಕಿವಿಯ ಕೆಳಭಾಗಕ್ಕೆ ಬಲವಾಗಿ ಹೊಡೆದಿರುತ್ತಾರೆ.' ಕನ್ನಡ ಎಂ.ಎ. ಮಾಡಿದವಳ ವಾಕ್ಯ, ಒಂದು ಅಕ್ಷರವೂ ತಪ್ಪಿಲ್ಲವೆಂದು ಎರಡು ಬಾರಿ ಓದಿ, ಓದದೆಯೇ ಪೆನ್ನು ಹಿಡಿದ ಅಕ್ಕನ ಸಹಿ ಹಾಕಿಸಿ, ಠಾಣೆಗೆ ಕೊಟ್ಟು ಬಂದೆ.

ಮರುದಿನ ಬೆಳಗಾವಿಯ ಸದಾಶಿವನಗರದಲ್ಲಿ ಕಿವಿ ವೈದ್ಯರಿಗೆ ತೋರಿಸಿದೆವು. "ತಮಟಿ ಹರದದ. ಸಣ್ಣ ತೂತು, ಕೂಡತದ. ನೀರು ಹೋಗಗೊಡಬ್ಯಾಡ್ರಿ" ಎಂದು ಅವರು ಅದನ್ನೇ ಕಾಗದದ ಮೇಲೆ ಬರೆದುಕೊಟ್ಟರು. ನಮ್ಮ ಕೈಯಲ್ಲಿ ಈಗ ದೂರೂ ಇತ್ತು, ಪುರಾವೆಯೂ ಇತ್ತು. ನಾನು ಗೆದ್ದವಳಂತೆ ನಡೆದಾಡುತ್ತಿದ್ದೆ.

ಒಂದು ಸಂಗತಿಯನ್ನು ಮಾತ್ರ ಆ ಎರಡು ಪುಟಗಳಲ್ಲಿ ಬರೆದಿರಲಿಲ್ಲ. ಆ ಶಿಕ್ಷಕರು ನನಗೂ ಕಲಿಸಿದವರು. ಖಾನಾಪುರಕ್ಕೆ ವರ್ಗವಾಗುವ ಮೊದಲು ನಮ್ಮೂರು ಬೀಡಿಯ ಶಾಲೆಯಲ್ಲಿದ್ದರು. ಅವರ ಛಡಿಯ ಏಟು ತಿನ್ನದೆ ಏಳನೆಯ ತರಗತಿ ದಾಟಿದವರು ನಮ್ಮಲ್ಲಿ ಯಾರೂ ಇಲ್ಲ. ನಮ್ಮಪ್ಪ ಅವರು ಎದುರಾದಾಗಲೆಲ್ಲ, "ಎರಡ ಹೆಚ್ಚಿಗೇ ಹಾಕ್ರಿ ಸರ" ಎನ್ನುತ್ತಿದ್ದರು. ಕಾಲೇಜಿನ ಪ್ರಬಂಧ ಸ್ಪರ್ಧೆಯಲ್ಲಿ ನಾನು ಆ ಛಡಿಯನ್ನು ಹಾಡಿಹೊಗಳಿ ಬಹುಮಾನವನ್ನೂ ತಂದಿದ್ದೆ. ಶಾಲೆಯಲ್ಲಿ ಮಗುವಿನ ಮೇಲೆ ಕೈಮಾಡುವುದನ್ನು ಕಾನೂನು ನಿಷೇಧಿಸಿದೆ. ಅಂಗೈಯಾದರೆ ಶಿಸ್ತು, ಕಿವಿಯಾದರೆ ಅಪರಾಧ ಎಂಬ ಗೆರೆಯನ್ನು ಅದು ಎಳೆದಿಲ್ಲ. ಹಾಗಿದ್ದರೆ ಆ ಗೆರೆಯನ್ನು ನನ್ನೊಳಗೆ ಎಳೆದವರು ಯಾರು? ತಮಟೆ ಹರಿಯದಿದ್ದರೆ ನಾನು ಬಸ್ಸು ಹತ್ತುತ್ತಿದ್ದೆನೇ?

ವಾರದ ನಂತರ, ನಾನು ಖಾನಾಪುರದಲ್ಲಿದ್ದಾಗಲೇ, ಆ ಶಿಕ್ಷಕರೇ ಅಕ್ಕನ ಮನೆಗೆ ಬಂದರು. ಅಕ್ಕ ಅಭ್ಯಾಸಬಲದಿಂದ "ಬರ್ರಿ ಸರ, ಕುಂದರ್ರಿ" ಎಂದಳು. ನಾನೂ ಎದ್ದು ನಿಂತೆ. ಎದ್ದು ನಿಂತದ್ದಕ್ಕೆ ಇಂದಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

"ಏನವಾ, ಸಾಲ್ಯಾಗ ಎಮ್ಮಿ ಇದ್ದಿ, ನಾ ಬಡದು ಬಡದು ಎಂ.ಎ. ಮಾಡಿದೆ. ಈಗ ನನಗ ಕೋರ್ಟ್ ತೋರಸ್ತಿ?"

"ಹುಡುಗಿ ಕಿವಿ ತಮಟಿ ಹರದೈತ್ರಿ ಸರ."

"ಹರದಿರಬಹುದು. ನನ್ನಿಂದಲ್ಲ. ಠಾಣ್ಯಾಗ ನಿನ್ನ ಅಕ್ಷರ ನೋಡೇನಿ, ಕಿವಿ ಕೆಳಗ ಹೊಡದಾರಂತ ನೀನ ಬರದೀ. ಕುತ್ತಿಗಿ ಮ್ಯಾಲೆ ತಟ್ಟಿದ್ರ ಒಳಗಿನ ತಮಟಿ ಹೆಂಗ ಹರೀತೈತಿ? ಅಕಿಗೆ ಮೊದಲ ಕಿವಿ ಸೋರತಿತ್ತು ಅಂತ ನಾವೂ ಬರದು ಕೊಟ್ಟೇವಿ."

ಅಕ್ಕ ನನ್ನ ಕಡೆ ತಿರುಗಿದಳು. "ಹಂಗ ಬರದೀಯೇನ? ಕಾನಾಖಾಲಿ ಅಂದ್ರ ಕಪಾಳಕ್ಕಂತಲ್ಲೇನ! ಈ ಓಣ್ಯಾಗ ತೊಟ್ಟಿಲ ಕೂಸಿಗೂ ಗೊತ್ತೈತಿ."

ನನಗೂ ಗೊತ್ತಿತ್ತು. ಖಾನಾಪುರದ ಸಂತೆಯಲ್ಲಿ ಜಗಳಾಡುವವರ ಬಾಯಲ್ಲಿ ಎಷ್ಟೋ ಸಲ ಕೇಳಿದ ಮಾತದು. ಬೀದಿಯಲ್ಲಿ ಕೂಡಲೇ ತಿಳಿಯುತ್ತಿದ್ದ ಆ ಮಾತನ್ನು ಲೇಖನಿ ಹಿಡಿದಾಗ ಪದಪದವಾಗಿ ಬಿಡಿಸಿ ಕನ್ನಡಕ್ಕಿಳಿಸಿದ್ದೆ. ಸರ್ ಕೂಡ ಈ ಊರಲ್ಲಿ ವರ್ಷಗಳಿಂದ ಇದ್ದವರು. ಅವರಿಗೂ ಅರ್ಥ ಗೊತ್ತಿತ್ತು. ಗೊತ್ತಿದ್ದೂ ನನ್ನ ತಪ್ಪಿನ ಹಿಂದೆ ನಿಂತಿದ್ದರು. ಅವರ ಸುಳ್ಳು ದೊಡ್ಡದೋ, ಅದಕ್ಕೆ ಜಾಗ ಮಾಡಿಕೊಟ್ಟ ನನ್ನ ಪಾಂಡಿತ್ಯ ದೊಡ್ಡದೋ ಎಂದು ಅಳೆಯತೊಡಗಿದೆ. ಅವರು ಹೋದ ಮೇಲೆ ಹುಡುಗಿ ಕೇಳಿದಳು: "ಮೌಶಿ, ಮೀ ಖೋಟಂ ಬೋಲ್ಲೆ ಕಾ?" ನಾನು ಸುಳ್ಳು ಹೇಳಿದೆನಾ ಎಂದು.

ಆ ಪ್ರಶ್ನೆ ನನ್ನನ್ನು, ನನ್ನೊಡನೆ ಅಕ್ಕನನ್ನೂ ಹುಡುಗಿಯನ್ನೂ, ಮರುದಿನವೇ ಠಾಣೆಗೆ ಎಳೆದೊಯ್ದಿತು. ನಾನು ಬರೆದ ವಾಕ್ಯ ಹಾಗೆಯೇ ಉಳಿದರೆ ಹರಿದ ತಮಟೆಗೆ ಯಾರೂ ಹೊಣೆಯಲ್ಲ, ಈ ಮಗು ಸುಳ್ಳುಗಾತಿ.

ಹೇಳಿಕೆ ಬರೆದುಕೊಳ್ಳುತ್ತಿದ್ದ ಮಹಿಳಾ ಪೊಲೀಸ್ ನನ್ನ ಹಳೆಯ ಪುಟಗಳನ್ನು ಓದಿ ನಕ್ಕರು. "ಭಾಳ ಶುದ್ಧ ಬರದೀರಿ ಬಿಡ್ರಿ! ಈಗ ನೀವು ಬಾಯಿ ಮುಚಗೊಂಡು ಬಾಜು ಕುಂದರ್ರಿ. ಅಕಿ ಹೇಳ್ಲಿ." ಹುಡುಗಿಗೆ ಮರಾಠಿಯಲ್ಲೇ ಕೇಳಿದರು, ಹೇಗೆ ಹೊಡೆದರು ತೋರಿಸು ಎಂದು. ಅವಳು ಅಕ್ಕನ ಎದುರು ನಿಂತು, ಅಂಗೈ ಬಿಚ್ಚಿ, ತೋಳನ್ನು ಪೂರ್ತಿ ಹಿಂದಕ್ಕೆಳೆದು ಬೀಸಿದಳು. ಕೈ ಕಿವಿಯ ಹತ್ತಿರ ಬಂದು ನಿಂತಿತು. ಅಕ್ಕ ಬೆಚ್ಚಿ ಕಣ್ಣು ಮುಚ್ಚಿದಳು. ಅಲ್ಲಿಯತನಕ ಒಂದು ಏಟು ಎನ್ನುತ್ತಿದ್ದವಳು ಆಮೇಲೆ ಆ ಮಾತನ್ನು ಆಡಲಿಲ್ಲ. ಮಹಿಳಾ ಪೊಲೀಸ್ 'ಕಾನಾಖಾಲಿ' ಎಂಬ ಪದವನ್ನು ಹಾಗೆಯೇ ಬರೆದುಕೊಂಡು, ಅಂಗೈಯಿಂದ ಎಡಗಿವಿಗೂ ಕಪಾಳಕ್ಕೂ ಕೂಡಿ ಹೊಡೆದದ್ದು ಎಂದು ಅದರ ಮುಂದೆ ವಿವರಿಸಿದರು. ಮೊದಲ ಅನುವಾದದ ತಪ್ಪು ನನ್ನದೆಂದು ನಾನೂ ಬರೆದು ಸಹಿ ಮಾಡಿದೆ.

ಎದ್ದು ಬರುವ ಬದಲು, ಆ ಸರ್ ನನಗೂ ಹೊಡೆಯುತ್ತಿದ್ದರು, ಅದನ್ನೂ ಬರೆದುಕೊಳ್ಳಿ ಎಂದೆ.

"ಇಷ್ಟ ವರ್ಷದ ಮ್ಯಾಲೆ ಅದು ಎಷ್ಟು ನಡೀತೈತೋ ಗೊತ್ತಿಲ್ರಿ. ಆದ್ರೂ ಹೇಳ್ರಿ. ಎದರ್ಲೆ ಹೊಡದ್ರು?"

"ಛಡೀಲೆ. ಅಂಗೈಗೆ. ಒಮ್ಮೊಮ್ಮೆ ಬೆರಳ ಗೆಣ್ಣಿಗೆ."

"ಯಾವ ತಪ್ಪಿಗೆ?"

ಉತ್ತರ ಬಾಯಲ್ಲೇ ಇದೆ ಎಂದುಕೊಂಡಿದ್ದೆ. ಛಡಿಯ ಬಣ್ಣ ನೆನಪಿತ್ತು, ಅದು ಗಾಳಿಯಲ್ಲಿ ಮಾಡುತ್ತಿದ್ದ ಸದ್ದು ನೆನಪಿತ್ತು, ಹೊಡೆಯುವ ಮೊದಲು ಅವರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಡುತ್ತಿದ್ದುದೂ ನೆನಪಿತ್ತು. ನನ್ನನ್ನು ತಿದ್ದಿದ ಏಟುಗಳೆಂದು ಬಹುಮಾನ ಪಡೆಯುವಷ್ಟು ಬರೆದಿದ್ದೆ. ಏನನ್ನು ತಿದ್ದಿದವು ಎಂದರೆ ಒಂದೇ ಒಂದು ತಪ್ಪೂ ನೆನಪಿಗೆ ಬರಲಿಲ್ಲ.

ಮಹಿಳಾ ಪೊಲೀಸ್ ಪೆನ್ನು ಎತ್ತಿ ಹಿಡಿದು ಕಾಯುತ್ತಿದ್ದರು.

"ಗೊತ್ತಿಲ್ರಿ ಮೇಡಂ" ಎಂದೆ. ಅವರು ಅದನ್ನೇ ಬರೆದುಕೊಂಡರು.