ಓಕ್ ಮರದಡಿಯ ಒಳಕಲ್ಲು

ಸ್ಯಾನ್ ಡಿಯೇಗೋದಲ್ಲಿ ಕನ್ನಡ ಕೇಳಬೇಕೆಂದರೆ ನಮ್ಮ ಮನೆಗೇ ಬರಬೇಕು ಅನ್ನುವಂತಿದ್ದ ದಿನಗಳವು. ಎಪ್ಪತ್ತರ ದಶಕ. ತೊಗರಿಬೇಳೆ ಮುಗಿದರೆ ಲಾಸ್ ಏಂಜಲೀಸ್‌ವರೆಗೆ ಡ್ರೈವ್ ಮಾಡಬೇಕಿತ್ತು. ಅಪ್ಪ ಹುಬ್ಬಳ್ಳಿಯಿಂದ ಬಂದ ಎಂಜಿನಿಯರ್. ಯೂನಿವರ್ಸಿಟಿ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮಹಡಿ ನಮ್ಮದು. ನಾನು ಕುಂಟೆಬಿಲ್ಲೆಗೆ ಒಂದು ಸಲ ಹಾರಿದರೆ ಸಾಕು, ಕೆಳಗಿನ ಮನೆಯವನು ಪೊರಕೆ ಹಿಡಿಯಿಂದ ತನ್ನ ಸೂರನ್ನು ಕುಟ್ಟುತ್ತಿದ್ದ. ಒಂಬತ್ತು ವರ್ಷದ ಹುಡುಗಿ ಬೆಕ್ಕಿನ ಹಾಗೆ ಹೆಜ್ಜೆ ಇಟ್ಟುಕೊಂಡು ಎಷ್ಟು ದಿನ ಇರಲಾದೀತು? ನನಗೆ ಕಾಲು ನಿಲ್ಲುತ್ತಿರಲಿಲ್ಲ, ಅವ್ವನ ಹತ್ತಿರ ಬೈಸಿಕೊಳ್ಳದ ದಿನವಿರಲಿಲ್ಲ.

ಆ ಬೇಸಿಗೆಯಲ್ಲಿ ಅಪ್ಪ ಪೊವೇ ಎಂಬ ಊರು ದಾಟಿ, ಗುಡ್ಡದ ಮಗ್ಗುಲಲ್ಲಿ ಒಂದು ಎಕರೆ ಜಾಗ ಗೊತ್ತು ಮಾಡಿದ. ಸ್ವಂತ ಮನೆ, ನನಗೇ ಒಂದು ಕೋಣೆ, ಹಿತ್ತಲಲ್ಲಿ ಜೋಕಾಲಿ. ಜಾಗದ ಒಂದು ಅಂಚಿಗೆ ಮುಳ್ಳುತಂತಿಯ ಬೇಲಿ. ಬೇಲಿಯಾಚೆ ರಿಸರ್ವೇಶನ್, ಅಂದರೆ ಅಲ್ಲಿನ ಮೂಲನಿವಾಸಿಗಳಿಗೆ ಅವರದೇ ನೆಲದಲ್ಲಿ ಸರ್ಕಾರ ಉಳಿಸಿಕೊಟ್ಟ ತುಂಡು. ದನ ಸಾಕುವ ಬಿಳಿಯರು ಹಿಂದೊಮ್ಮೆ ಬೇಲಿ ಕಿತ್ತು ನಮ್ಮ ನೆಲದೊಳಗೆ ತಂದು ನೆಟ್ಟರು, ಈಚೆಯದೂ ನಮ್ಮದೇ ಎಂದು ಆ ಜನ ತಕರಾರು ತೆಗೆದಿದ್ದರು. ಜಾಗ ಮಾರುತ್ತಿದ್ದ ಕ್ಲೈಡ್ ಎಂಬಾತ, “ಈ ಕಡೆ ಯಾವತ್ತೂ ಯಾರೂ ಇರಲಿಲ್ಲ” ಅಂದ. ಅಪ್ಪ ನಂಬಿದ. ನಂಬುವುದು ನಮಗೆಲ್ಲ ಅನುಕೂಲವಾಗಿತ್ತು.

ತಕರಾರು ಬಗೆಹರಿಯುವ ತನಕವೂ ಅಪ್ಪನಿಗೆ ತಡೆಯಲಾಗಲಿಲ್ಲ. ಒಂದು ಭಾನುವಾರ ಗುದ್ದಲಿ ಪೂಜೆ ಮುಗಿಸಿಬಿಡೋಣ ಎಂದು ನಮ್ಮನ್ನು ಹೊರಡಿಸಿದ. ಡಬ್ಬಿಯಲ್ಲಿ ಚಪಾತಿ, ಶೇಂಗಾ ಚಟ್ನಿ, ಅವ್ವ ಮಾಡಿದ ಗೋದಿ-ಬೆಲ್ಲದ ಮಾದಲಿ. ಬಿಸಿಲಿಗೆ ಕಾದ ಗುಡ್ಡದ ಗಿಡಗಳ ಘಾಟು ವಾಸನೆ, ಅದರೊಳಗೆ ನಮ್ಮ ಊದಿನಕಡ್ಡಿಯದು. ದೊಡ್ಡ ಓಕ್ ಮರದ ಕೆಳಗೆ ಅಗಲವಾದ ಬಂಡೆಯೊಂದಿತ್ತು. ಅವ್ವ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಅದರ ಮೇಲೇ ಕಾಯಿ ಒಡೆದಳು. ಕಾಯಿಯ ನೀರು ಹರಿದು ಒಣಗಿದೆಲೆ ತುಂಬಿದ್ದ ಒಂದು ಗುಳಿಗೆ ಇಳಿಯಿತು. ಎಲೆ ಬಳಿಯಲೆಂದು ಕೈ ಹಾಕಿದವಳು, ಮೊಣಕೈ ತನಕ ಒಳಗೆ ಹೋದ ಕೈಯನ್ನು ಹಾಗೇ ಹಿಡಿದುಕೊಂಡು ಕೂತುಬಿಟ್ಟಳು.

“ಏ ಶೈಲೂ, ಇದು ಒಳಕಲ್ಲು ನೋಡ.”

ಎಲೆ ಸರಿಸುತ್ತ ಹೋದರೆ ಒಂದಲ್ಲ, ಐದು. ಒಳಗೆಲ್ಲ ನುಣ್ಣಗೆ ಸವೆದಿದ್ದವು.

“ಎಲ್ಲಾ ನೆರಳಿಗೇ ಅದಾವ ನೋಡ. ಸಾಲಾಗಿ ಕುಂತು ಕುಟ್ಟ್ಯಾರ, ಪಾಪ,” ಅಂದಳು.

ಅಷ್ಟರಲ್ಲಿ ಬೇಲಿಯಾಚೆ ಒಬ್ಬ ಮುದುಕಿ ಬಂದು ನಿಂತಿದ್ದಳು. ಡೋರಾ ಎಂದು ಹೆಸರು. “ಅದರ ಮೇಲೆ ಯಾಕೆ ಒಡೆದಿರಿ? ಅದು ನನ್ನ ಅಜ್ಜಿಯ ಕಲ್ಲು,” ಅಂದಳು. ಅವ್ವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನಾನು ಕನ್ನಡದಲ್ಲಿ ಹೇಳಿದೆ. ಅವ್ವನ ಮುಖ ಕಪ್ಪಿಟ್ಟಿತು. ಕುಡಿಯಲು ತಂದ ನೀರನ್ನೆಲ್ಲ ಬಂಡೆಯ ಮೇಲೆ ಸುರಿದು ಸೆರಗಿನಿಂದ ಕುಂಕುಮ ಒರೆಸಿದಳು.

“ತಪ್ಪಾತ್ರೀ ಅನ್ನು ಆಕಿಗೆ. ಏನು ಕುಟ್ಟತಿದ್ರು ಅಂತನೂ ಕೇಳು.”

ಓಕ್ ಕಾಯಿ ಕುಟ್ಟಿ ಹಿಟ್ಟು ಮಾಡಿ ಅಂಬಲಿ ಕಾಯಿಸುತ್ತಿದ್ದರಂತೆ. ಬೇಲಿ ಕಿತ್ತು ನೆಟ್ಟ ಮೇಲೆ ಅಜ್ಜಿಯನ್ನು ಇಲ್ಲಿಗೆ ಕಾಲಿಡಲು ಬಿಡಲಿಲ್ಲವಂತೆ. ಅವ್ವ ತಂತಿಯ ಮೇಲಿಂದ ಮಾದಲಿ ಕೊಟ್ಟಳು. ಡೋರಾ ಒಂದು ಚೂರು ಬಾಯಿಗೆ ಹಾಕಿಕೊಂಡು, ಇದನ್ನೂ ಕುಟ್ಟಿಯೇ ಮಾಡುತ್ತೀರಾ ಎಂದು ಕೇಳಿದಳು.

ಅವತ್ತಿನಿಂದ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. “ಆ ಜಾಗ ಬ್ಯಾಡ್ರಿ,” ಎಂದು ಅವ್ವ. “ಸುಮ್ಮನಿರ ನೀ, ಕಾಗದಪತ್ರ ಎಲ್ಲಾ ಸರಿ ಅದಾವ,” ಎಂದು ಅಪ್ಪ. ಹಜಾರದಲ್ಲಿ ಅತ್ತಿಂದಿತ್ತ ಓಡಾಡಿ ಅವನ ಚಪ್ಪಲಿ ಸವೆಯಿತು. ನಾನಂತೂ ಅವ್ವನ ಮೇಲೆ ಉರಿದುಬಿದ್ದೆ. ಯಾರದೋ ಅಜ್ಜಿಗಾಗಿ ನನ್ನ ಕೋಣೆ ಹೋಗಬೇಕೇ?

ಮುಂದಿನ ತಿಂಗಳು ತಕರಾರಿನ ಜಾಗ ನೋಡಲು ಸರ್ಕಾರದ ಅಧಿಕಾರಿಯೊಬ್ಬ ಬಂದ. ಒಂದು ಕಡೆ ಡೋರಾ ಮತ್ತು ಅವಳ ಜನ, ಇನ್ನೊಂದು ಕಡೆ ಕ್ಲೈಡ್ ಮತ್ತು ನಾವು. ಡೋರಾ ಗುಳಿಗಳನ್ನು ತೋರಿಸಿದಳು. “ಮಳೆನೀರು ಕೊರೆದದ್ದು. ಈ ಗುಡ್ಡದ ತುಂಬ ಇಂಥವೇ,” ಎಂದ ಕ್ಲೈಡ್. ಅಧಿಕಾರಿ ಬರೆದುಕೊಳ್ಳತೊಡಗಿದ. ಆಗ ಅವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಹೋಗಿ ಬಂಡೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

“ನೀರು ಕೊರದದ್ದಲ್ಲರೀ ಇದು. ನಾ ಹುಟ್ಟಿದಾಗಿಂದ ಒಳಕಲ್ಲು ನೋಡೀನಿ. ಕುಂತಾಕಿ ಕಡೆ ಅಂಚು ಹೆಂಗ ಸವದೈತಿ ನೋಡ್ರಿ. ನೀರು ನೆರಳು ಹುಡುಕಿ ಕುಂದ್ರೂದಿಲ್ಲ, ಹೆಣ್ಣಮಕ್ಕಳು ಕುಂದ್ರತಾರ. ಇಲ್ಲಿ ಬಾಳೇವು ಮಾಡ್ಯಾರ.” ಅಪ್ಪನ ಕಡೆ ತಿರುಗಿ, “ಹೇಳ್ರಿ ಅವರಿಗೆ,” ಅಂದಳು.

ಅಪ್ಪ ಗಂಟಲು ಸರಿ ಮಾಡಿಕೊಂಡ. “ಕಲ್ಲು ಬಹಳ ಚೆನ್ನಾಗಿದೆ ಅನ್ನುತ್ತಾಳೆ,” ಎಂದು ಇಂಗ್ಲಿಷಿನಲ್ಲಿ ಹೇಳಿದ.

ಅಧಿಕಾರಿಗೆ ಅನುಮಾನ ಬಂತು. ನನ್ನ ಕಡೆ ಬಗ್ಗಿ, “ಅಮ್ಮ ಅಷ್ಟೇ ಹೇಳಿದ್ದಾ, ಮಗು?” ಎಂದು ಕೇಳಿದ.

ಅಪ್ಪ ನನ್ನನ್ನು ನೋಡುತ್ತಿದ್ದ. ಅವ್ವನೂ ನೋಡುತ್ತಿದ್ದಳು, ಅವಳ ಮುಖದಲ್ಲಿ ನನ್ನ ಮೇಲೆ ಪೂರ್ತಿ ನಂಬಿಕೆಯಿತ್ತು. ನಾನು ನೆಲ ನೋಡಿಕೊಂಡು “ಹೌದು” ಅಂದೆ.

ಕಾರಿನಲ್ಲಿ ಅವ್ವ ಕೇಳಿದಳು: “ನಾ ಅಷ್ಟು ಹೇಳಿದೆ, ಅವ ಒಂದ ಸಾಲು ಬರಕೊಂಡ?”

“ಇಂಗ್ಲಿಷಿನಾಗ ಅಷ್ಟ ಆಗತೈತಿ,” ಅಂದ ಅಪ್ಪ. ಅವ್ವ ಹಿಂದೆ ತಿರುಗಿ ನನ್ನನ್ನು ನೋಡಿದಳು. ನಾನು ಕಿಟಕಿಯಾಚೆ ನೋಡಿದೆ.

ಬೇಲಿ ಇದ್ದಲ್ಲೇ ಇರಲಿ ಎಂದು ತೀರ್ಮಾನವಾಯಿತು. ನಾನು ನಿಜ ಹೇಳಿದ್ದರೂ ಅದು ಹೀಗೇ ಆಗುತ್ತಿತ್ತು ಎಂದು ಅಪ್ಪ ಬದುಕಿರುವ ತನಕ ಹೇಳಿದ. ಇರಬಹುದು. ಗ್ಯಾರೇಜಿಗೆ ಅಡ್ಡವಾಯಿತೆಂದು ಬಂಡೆಯನ್ನು ಸಿಡಿಸಿ ತೆಗೆಸಿದೆವು. ಅವತ್ತು ಅವ್ವ ಬರಲಿಲ್ಲ. ನನಗೆ ಕೋಣೆ ಸಿಕ್ಕಿತು, ಮನಸೋ ಇಚ್ಛೆ ಕುಣಿದೆ, ಎರಡೇ ವಾರ. ಆಮೇಲೆ ಆ ಕೋಣೆಯಲ್ಲಿ ಕೂತರೆ ಎದ್ದು ಹೋಗಬೇಕು ಅನ್ನಿಸುತ್ತಿತ್ತು.

ಅವ್ವ ಬಯ್ಯಲಿಲ್ಲ. ಇಂಗ್ಲಿಷ್ ಕ್ಲಾಸಿಗೆ ಸೇರಿದಳು, ಡ್ರೈವಿಂಗ್ ಕಲಿತಳು. ಮೂರನೆಯ ವರ್ಷ ಒಬ್ಬಳೇ ಕಾರು ತೆಗೆದುಕೊಂಡು ರಿಸರ್ವೇಶನ್ನಿಗೆ ಹೋಗಿ, ಅಂದು ತಾನು ಹೇಳಿದ್ದನ್ನೆಲ್ಲ ಡೋರಾಳಿಗೆ ತನ್ನ ಬಾಯಿಂದಲೇ ಹೇಳಿ ಬಂದಳು.

“ಏನಂದ್ಲು?” ಎಂದು ಕೇಳಿದೆ.

“ನಿನ್ನ ಮಗಳು ನೆಲ ನೋಡಿದಾಗನ ನನಗ ತಿಳೀತು ಅಂದ್ಲು. ಸಣ್ಣ ಹುಡುಗಿ, ಬಯ್ಯಬ್ಯಾಡ ಅಂದ್ಲು.”

ಈಗ ಅಪ್ಪನಿಲ್ಲ, ಅವ್ವನಿಲ್ಲ, ಡೋರಾಳೂ ಇಲ್ಲ. ಮನೆ ಮಾರಿದ್ದೇವೆ. ಗುಡ್ಡದ ತುಂಬ ಒಂದೇ ಥರದ ಹೆಂಚಿನ ಮನೆಗಳು. ಇಲ್ಲಿ ಹೆಂಗಸರು ಕೂತು ಕುಟ್ಟುತ್ತಿದ್ದರು ಎಂದು ಅವ್ವ ಹೇಳಿದ್ದನ್ನು ನಾನೀಗ ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಬಲ್ಲೆ. ಕೈಯಿಟ್ಟು ತೋರಿಸಲು ಕಲ್ಲಿಲ್ಲ, ಬರೆದುಕೊಳ್ಳಲು ಯಾರೂ ಬರುವುದೂ ಇಲ್ಲ.