ಹದಿನಾಲ್ಕು ಮಂದಿಯ ಮನೆಯ ಹೊಗೆ

ಮಧ್ಯಾಹ್ನ ಮಾಸೂರಿನಲ್ಲಿ ಬಸ್ಸಿಳಿದೆ ಎಂದು ಬರೆದು ಹೊಡೆದುಹಾಕಿದೆ. ಬೆಳಗ್ಗೆಯೇ ಇದ್ದಿರಬಹುದು. ನೆನಪು ತನಗೆ ಬೇಕಾದ ಬಿಸಿಲನ್ನು ತಾನೇ ಹಾಕಿಕೊಳ್ಳುತ್ತದೆ. ನನ್ನ ಹತ್ತಿರ ಆ ದಿನ ತುಂಬಿದ ಫಾರ್ಮಿನ ನಕಲಿದೆ, ಅದರಲ್ಲಿ ಹೊತ್ತು ಬರೆದಿಲ್ಲ.

ಮನೆ ಮನೆಗೆ ಹೋಗಿ ವರ್ಷಕ್ಕೆ ಎಷ್ಟು ಕರೆಂಟು, ಡೀಸೆಲ್, ಸಿಲಿಂಡರ್, ಕಟ್ಟಿಗೆ ಸುಡುತ್ತೀರಿ ಎಂದು ಕೇಳುವ ಕೆಲಸ ನನ್ನದು. ಅದನ್ನು ಮನೆಮಂದಿಯಿಂದ ಭಾಗಿಸಿ ತಲೆಗೆ ಎಷ್ಟು ಇಂಗಾಲ ಎಂದು ಲೆಕ್ಕ ತೆಗೆಯುತ್ತಿದ್ದರು. ಕಟ್ಟಿಗೆ ಸುಡುವ ಬಡ ಮನೆಗಳಿಗೆ ಅದೇ ಪಟ್ಟಿ ನೋಡಿ ಹೊಗೆ ಕಡಿಮೆಯಾಗುವ ಒಲೆ ಕೊಡುವುದಿತ್ತು. ಶಿಗ್ಗಾವಿಯ ತರಬೇತಿಯಲ್ಲಿ, ಶ್ರೀಮಂತ ದೇಶಗಳ ಮುಂದೆ ನಮ್ಮ ತಲೆಲೆಕ್ಕ ಬಹಳ ಸಣ್ಣದು ಎಂದಾಗ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ಮಾಸೂರಿನ ದೊಡ್ಡ ಮನೆ ನಮ್ಮ ಕಾಕಾನದು. ಎರಡು ಕಾರು, ಮೂರು ಕೋಣೆಗೆ ಎಸಿ, ಟ್ರ್ಯಾಕ್ಟರ್, ಜನರೇಟರ್.

“ಮನ್ಯಾಗ ಎಷ್ಟ ಮಂದಿರಿ ಕಾಕಾ?”

“ಹದಿನಾಲ್ಕ.”

“ನೀವು, ಕಾಕು, ಅಣ್ಣ, ವೈನಿ. ನಾಕ ಆತಲ್ರಿ?”

“ಹಿತ್ತಲದಾಗ ಇರೋ ಎರಡು ಸಂಸಾರ ಎಲ್ಲಿ ಹೋದುವು? ನಮ್ಮ ರೊಟ್ಟಿ ಉಂಡವರೆಲ್ಲಾ ನಮ್ಮ ಮನಿ ಮಂದಿ. ನಿಮ್ಮಜ್ಜನ ಕಾಲದಿಂದ ಹಂಗ ಐತಿ, ಬರಕೋ.”

ಇದು ಮೋಸವಲ್ಲ, ಹೆಮ್ಮೆ. ನಮ್ಮ ಕಡೆ ಅನ್ನ ಹಾಕಿದವರು ಹಂಗೇ ಎಣಿಸುತ್ತಾರೆ. ನಾನೂ ಅದೇ ಮನೆಯ ರೊಟ್ಟಿ ಉಂಡವಳು. ಬರೆದೆ. ಭಾಗಿಸಿ ನೋಡಿದರೆ ಎರಡು ಕಾರಿನ ಕಾಕಾ, ಹಿಂದಿನ ವಾರ ನಾನು ಬರೆದ ಸವಣೂರಿನ ಮಾಸ್ತರರಿಗಿಂತ ಕಡಿಮೆ ಸುಡುವವನಾಗಿದ್ದ. ಮಾಸ್ತರರಿಗೆ ಇದ್ದದ್ದು ಒಂದು ಸ್ಕೂಟರ್. ಶಿಗ್ಗಾವಿಯಲ್ಲಿ ನಾನು ಚಪ್ಪಾಳೆ ತಟ್ಟಿದ್ದು ಬಡವರ ತಲೆಗಳನ್ನೂ ಸೇರಿಸಿ ಮಾಡಿದ ಇಂಥದೇ ಭಾಗಾಕಾರಕ್ಕೆ.

ಹಿತ್ತಲಲ್ಲಿ ಭಾಂಡೆ ತಿಕ್ಕುತ್ತಿದ್ದವಳು, ಆ ಎರಡು ಸಂಸಾರಗಳಲ್ಲಿ ಒಂದರ ಯಜಮಾನಿ, ಎಲ್ಲ ಕೇಳಿಸಿಕೊಂಡಿದ್ದಳು.

“ಅಕ್ಕಾರ, ನಾನೂ ಕಾರಿನ್ಯಾಗ ಅಡ್ಡಾಡತೇನಿ ಅಂತ ಬರದ್ರೇನು?”

“ಬರದಂಗ ಆತು.”

“ಹಂಗಾರ ಒಮ್ಮಿ ಹಾನಗಲ್ಲಿಗೆ ಬಿಟ್ಟ ಬರ್ರಿ ಅಂತ ಹೇಳ್ರಿ ಸಾವ್ಕಾರ್ರಿಗೆ. ನಮ್ಮವ್ವನ ನೋಡಿ ವರ್ಷಾತು.” ನಕ್ಕಳು. ಆಮೇಲೆ ನಗಲಿಲ್ಲ. “ಮಧ್ಯಾಹ್ನದ ರೊಟ್ಟಿ ಅಷ್ಟ ಇಲ್ಲಿದು. ಸಂಜಿಗೆ ಮೂರು ಕಲ್ಲಿನ ಮ್ಯಾಲೆ ನಾನ ಅಡಗಿ ಮಾಡ್ತೇನಿ. ಇಲ್ಲೇ ಎಣಿಸಿದ್ರ ನೀವು ಕೊಡೋ ಹೊಸಾ ಒಲಿ ನನಗ ಬರೂದಿಲ್ಲಲ್ರಿ? ನಮ್ಮನ್ನ ಬ್ಯಾರೆ ಬರೀರಿ.”

ತಕ್ಷಣ ಒಪ್ಪಿಕೊಂಡೆ ಎಂದು ಬರೆಯುವ ಆಸೆ ಇದೆ. ಇಲ್ಲ. ಚಹಾ ಕುಡಿದೆ, ಕಾಕು ಕೊಟ್ಟ ಉಂಡಿ ತಿಂದೆ. ಆಮೇಲೆ ಹದಿನಾಲ್ಕನ್ನು ಹೊಡೆದು ನಾಲ್ಕು ಬರೆದೆ. ಹಿತ್ತಲಿಗೆ ಹೋಗಿ ಇನ್ನೆರಡು ಫಾರ್ಮು ತುಂಬಿದೆ. ಅವಳು ಅವಸರವಿಲ್ಲದೆ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು.

ಕಾಕಾ ಪೆನ್ನು ಮುಟ್ಟಲಿಲ್ಲ. “ಮನಿ ಒಡ್ಯಾಕ ಬಂದೀಯೇನವಾ?”

“ಅವರ ಕ್ವಾಣ್ಯಾಗೂ ಎಸಿ ಹಾಕಸ್ರಿ ಕಾಕಾ, ಹದಿನಾಲ್ಕ ಅಂತ ಬರೀತೇನಿ.”

ಇದನ್ನು ಅಂದದ್ದು ನಿಜ. ಇದರಲ್ಲಿ ನನಗೆ ಅನುಮಾನವಿಲ್ಲ. ಆಮೇಲೆ ಆ ಮನೆಯಿಂದ ನನಗೆ ಕರೆ ಬಂದಿಲ್ಲ.

ಹಿರೇಕೆರೂರಿನಲ್ಲಿ ಫಾರ್ಮು ತೆಗೆದುಕೊಳ್ಳುವ ಮೇಲ್ವಿಚಾರಕರು ಮೂರನ್ನೂ ತಿರುವಿದರು. “ಸಾವ್ಕಾರರ ಸಹಿ ಇಲ್ಲ. ಒಂದ ಕಂಪೌಂಡು, ಒಂದ ಫಾರ್ಮು ಸಾಕ್ರಿ. ಅವರು ನಿಮ್ಮ ಕಾಕಾ ಅಲ್ಲೇನು?”

“ಹೌದ್ರಿ, ಅದಕ್ಕ ಅವರ ಮನ್ಯಾಗ ಎಷ್ಟ ಕಾರ ಅದಾವು ಅಂತ ನನಗ ಗೊತ್ತೈತಿ.”

ಸಹಿಯ ಜಾಗದಲ್ಲಿ ‘ನಿರಾಕರಿಸಿದರು’ ಎಂದು ಬರೆದು ಕೆಳಗೆ ನನ್ನ ಹೆಸರು ಹಾಕಿದೆ. ನಾಳೆ ಬರ್ರಿ ಅಂದರು. ಇಲ್ಲೇ ಕೂಡ್ತೇನಿ ಅಂದೆ. ಊಟಕ್ಕೆ ಎದ್ದರು, ಬಂದರು, ಫ್ಯಾನಿನ ಕೆಳಗೆ ಕಣ್ಣು ಮುಚ್ಚಿದರು. ನಾನು ಕುರ್ಚಿ ಬಿಡಲಿಲ್ಲ. ಕಡೆಗೆ ಫಾರ್ಮಿಗೆ ಒತ್ತುವ ಠಸ್ಸೆ ತೆಗೆದರು. ಮೊದಲು ಆ ಹಿತ್ತಲಿನವಳ ಫಾರ್ಮನ್ನೇ ಮುಂದಿಟ್ಟೆ.