ತಟ್ಟೋ ಮಗಾ

ಬೆಳಿಗ್ಗೆ ಕುರುಬರಹಳ್ಳಿಯ ಜಿಮ್ ಮುಂದೆ ನೋವಿನೆಣ್ಣೆಯ ವಾಸನೆ ಬಡಿದು ಚಿಕ್ಕಪ್ಪ ನೆನಪಾದರು. ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಸಣ್ಣಪುಟ್ಟ ಫೈಟುಗಳಲ್ಲಿ ಅವರು ಆಡುತ್ತಿದ್ದರು. ಗೆಳೆಯರು ತೆಗೆದ ಸಿ.ಡಿ.ಯನ್ನು ಮನೆಯವರೆಲ್ಲ ಕೂತು ನೋಡುತ್ತಿದ್ದೆವು.

ಕೊನೆಯ ಫೈಟಿನಲ್ಲಿ ಎದುರಾಳಿ ಅವರ ಕತ್ತನ್ನು ಅಮುಕಿ ಹಿಡಿದ. ನೆಲಕ್ಕೆ ಕೈ ತಟ್ಟಿ ಸೋಲೊಪ್ಪಿದ್ದರೆ ಬಿಡುತ್ತಿದ್ದ. ಚಿಕ್ಕಪ್ಪ ತಟ್ಟಲಿಲ್ಲ. ಕತ್ತಿನ ಮೂಳೆಗೆ ಪೆಟ್ಟಾಗಿ, ಕೈಕಾಲು ಸ್ವಾಧೀನ ತಪ್ಪಿ ಹಾಸಿಗೆ ಹಿಡಿದರು.

ಅಜ್ಜಿ ದಿನಾ ಮಧ್ಯಾಹ್ನ ಆ ಫೈಟಿನ ಸಿ.ಡಿ. ಹಾಕಿಸಿಕೊಂಡು ಟಿವಿಯ ಮುಂದೆ ಕೂಗುತ್ತಿದ್ದರು: “ತಟ್ಟೋ ಮಗಾ! ಸೋತ್ರೆ ಸೋತೆ, ತಟ್ಟೋ!”

ಒಮ್ಮೆ ಒಳಕೋಣೆಯಿಂದ ಚಿಕ್ಕಪ್ಪ, “ಸಾಕು, ಆಫ್ ಮಾಡಮ್ಮಾ” ಎಂದರು.

“ಸುಮ್ನಿರೋ,” ಎಂದರು ಅಜ್ಜಿ, “ಇವತ್ತು ತಟ್ತೀಯ.”

ಈಗ ಅವರಿಬ್ಬರೂ ಇಲ್ಲ. ನನ್ನ ಮಗಳು ಅಂಥದೇ ಫೈಟು ಕಲಿಸುವ ಕ್ಲಾಸಿಗೆ ಸೇರಿಸೆಂದು ಹಟ ಹಿಡಿದಿದ್ದಾಳೆ. ನಾನಿನ್ನೂ ಹೂಂ ಅಂದಿಲ್ಲ, ಊಹೂಂ ಅನ್ನಲೂ ಬಾಯಿ ಬರುತ್ತಿಲ್ಲ.